ಕಣ್ಣು ಮುಚ್ಚಿ ಯೋಚಿಸುವವರ ಗಂಟಲು

ನಕ್ಷೆಗಾರರು ನಿದ್ದೆ ಮಾಡುತ್ತಿರಲಿಲ್ಲ. ಹಾಗೆಂದು ಹೇಳುತ್ತಿದ್ದವರು ಅವರೊಬ್ಬರೇ ಎಂಬುದು ಬೇರೆ ಮಾತು.

ನೀರು ಸರಬರಾಜು ಕಚೇರಿಯ ಎರಡನೆಯ ಮಹಡಿಯಲ್ಲಿ, ಕಿಟಕಿ ಪಕ್ಕದ ಇಳಿಜಾರು ಮೇಜಿನ ಮುಂದೆ ಕೂತು, ಊರಿನ ನೆಲದಡಿಯ ಕೊಳವೆಗಳನ್ನೆಲ್ಲ ಕಾಗದಕ್ಕಿಳಿಸುತ್ತ ಅವರು ಇಪ್ಪತ್ತೆರಡು ವರ್ಷ ಕಳೆದಿದ್ದರು. ಮಧ್ಯಾಹ್ನ ಊಟವಾದ ಮೇಲೆ ಅವರ ಗಲ್ಲ ಮೆಲ್ಲಗೆ ಎದೆಗೆ ಆನುತ್ತಿತ್ತು. ಕಣ್ಣು ಮುಚ್ಚುತ್ತಿತ್ತು, ಬಾಯಿ ತೆರೆಯುತ್ತಿತ್ತು, ಅಲ್ಲಿಂದ ಹೊರಟ ಸದ್ದಿಗೆ ಪಕ್ಕದ ಮೇಜಿನ ಪೆನ್ಸಿಲುಗಳು ಒಂದೊಂದಾಗಿ ಉರುಳಿ ಕೆಳಗೆ ಬೀಳುತ್ತಿದ್ದವು. ಯಾರಾದರೂ ಹೆಗಲು ಮುಟ್ಟಿದರೆ, ಕಣ್ಣು ತೆರೆಯುವ ಮೊದಲೇ ಬಾಯಿಂದ ಉತ್ತರ ಬರುತ್ತಿತ್ತು: "ಕೇಳಿಸ್ತಿದೆ, ಕೇಳಿಸ್ತಿದೆ. ಯೋಚನೆ ಮಾಡ್ತಿದ್ದೆ."

ಕೆಲಸದಲ್ಲಿ ಮಾತ್ರ ಅವರತ್ತ ಯಾರೂ ಬೆರಳು ತೋರಿಸುವಂತಿರಲಿಲ್ಲ. ಬೇರೆಯವರು ಬರೆದ ನಕ್ಷೆಯ ಬಲ ಮೂಲೆಯಲ್ಲಿ 'ಪರಿಶೀಲಿಸಲಾಗಿದೆ' ಎಂದು ರುಜು ಹಾಕುವ ಅಧಿಕಾರ ಅವರದು. ಕೆಂಪು ಪೆನ್ಸಿಲಿನಿಂದ ಕನಿಷ್ಠ ಒಂದು ತಪ್ಪಿಗಾದರೂ ಸುತ್ತು ಹಾಕದೆ ಆ ರುಜು ಬಿದ್ದ ಉದಾಹರಣೆ ಇಲ್ಲ. ಮನೆಯ ಸಾಮಾನಿನ ಪಟ್ಟಿಯೂ ಈ ತಪಾಸಣೆಯಿಂದ ತಪ್ಪಿಸಿಕೊಂಡದ್ದಿಲ್ಲ. 'ಸೋಪು ಎರಡು' ಎಂದು ಹೆಂಡತಿ ಬರೆದರೆ, 'ಮೈಗೋ ಬಟ್ಟೆಗೋ, ನಮೂದಿಸಿ' ಎಂದು ಕೆಂಪು ಅಕ್ಷರದಲ್ಲಿ ವಾಪಸು ಬರುತ್ತಿತ್ತು.

ಇಂಥವರ ಬದುಕಿನಲ್ಲಿ ಒಂದು ಕುರ್ಚಿ ಬಂದು ನಿಂತಿತು. ಮುಖ್ಯ ನಕ್ಷೆಗಾರರು ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಆ ಕುರ್ಚಿಗೆ ಇದ್ದ ಹಕ್ಕುದಾರರು ಇಬ್ಬರು: ನಮ್ಮ ನಕ್ಷೆಗಾರರು ಮತ್ತು ಪಕ್ಕದ ಮೇಜಿನ ಸಹೋದ್ಯೋಗಿ. ಈತ ಉದ್ದಕ್ಕೆ, ತೆಳ್ಳಗೆ, ಎಲ್ಲೂ ಬಾಗದಂತೆ ಇದ್ದುದರಿಂದ ಕಚೇರಿ ಇವನನ್ನು ಸ್ಕೇಲು ಎಂದು ಕರೆಯುತ್ತಿತ್ತು. ಉರುಳಿ ಬೀಳುತ್ತಿದ್ದ ಪೆನ್ಸಿಲುಗಳು ಇವನವೇ.

ನಿರ್ಧಾರ ಮಾಡಬೇಕಾದವರು ಮುಖ್ಯ ಇಂಜಿನಿಯರು. ಅವರು ಸೋರಿಕೆಯ ವಾರ್ಷಿಕ ವರದಿಯನ್ನು ಸಭೆಯಲ್ಲಿ ಸ್ವತಃ ಓದುತ್ತಿದ್ದಾಗ, ಏಳನೆಯ ನಿಮಿಷಕ್ಕೆ, ನಕ್ಷೆಗಾರರ ದಿಕ್ಕಿನಿಂದ ಒಡೆದ ಕೊಳವೆಯಲ್ಲಿ ಗಾಳಿ ನುಗ್ಗಿದಂಥ ಸದ್ದು ಕೇಳಿಬಂತು. ಮರುದಿನ ಮೆಮೊ ಬಂತು. ನಕ್ಷೆಗಾರರು ಲಿಖಿತ ವಿವರಣೆ ಕೊಟ್ಟರು: 'ನಾನು ಕಣ್ಣು ಮುಚ್ಚಿದ್ದರೂ ತಾವು ಓದುವ ಪ್ರತಿಯೊಂದು ಪದವೂ ನನಗೆ ಕೇಳಿಸುತ್ತಿರುತ್ತದೆಂದು ಈ ಮೂಲಕ ದೃಢೀಕರಿಸುತ್ತೇನೆ.' ಕೇಳಿಸುವುದಿಲ್ಲವೆಂದು ಸಾಬೀತು ಮಾಡುವ ಉಪಾಯ ಕಾಣದೆ ಇಂಜಿನಿಯರು ಅದರ ಕೆಳಗೆ 'ವಿವರಣೆಯನ್ನು ಒಪ್ಪಲಾಗಿದೆ' ಎಂದು ರುಜು ಹಾಕಿದರು. ಆದರೆ ಬಾಯಲ್ಲಿ ಹೇಳಿದ್ದು ಬೇರೆ. ಇನ್ನೊಂದು ಸಲ ಹೀಗಾದರೆ ಕುರ್ಚಿಯ ಮಾತು ಹಾಗಿರಲಿ, ಈ ಮೇಜೂ ಇರುವುದಿಲ್ಲ. ನೆಲಮಾಳಿಗೆಯ ಹಳೇ ಕಡತಗಳ ಕೋಣೆಯಲ್ಲಿ ಕೂತು ಎಷ್ಟು ಬೇಕಾದರೂ ಯೋಚನೆ ಮಾಡಬಹುದು.

ನಕ್ಷೆಗಾರರ ಹೆಂಡತಿ ಶಾಲೆಯಲ್ಲಿ ಗಣಿತದ ಟೀಚರು. ಆ ವಿವರಣೆಯ ಅಲ್ಪವಿರಾಮಗಳನ್ನು ಸರಿ ಮಾಡಿಕೊಟ್ಟವರೂ ಅವರೇ. ಮೆಮೊ ಕಥೆಯನ್ನೆಲ್ಲ ಕೇಳಿದ ಮೇಲೆ ಡಾಕ್ಟರ ಹತ್ತಿರ ಹೋಗೋಣ ಎಂದರು. ಯಾಕೆ ಎಂದು ನಕ್ಷೆಗಾರರು ಕೇಳಿದರು.

"ನೀವು ಗೊರಕೆ ಹೊಡೀತೀರಿ, ಹೊಡ್ಕೊಳ್ಳಿ. ಅದಲ್ಲ ರೀ. ಮಧ್ಯೆ ಮಧ್ಯೆ ನಿಲ್ಲಿಸ್ತೀರಲ್ಲ, ನನಗೆ ಅದಕ್ಕೆ ಭಯ."

ನಿಲ್ಲಿಸಿದರೆ ಎಲ್ಲರಿಗೂ ಅನುಕೂಲವೇ ಅಲ್ಲವೇ ಎಂದು ನಕ್ಷೆಗಾರರು ವಾದಿಸಿದರು. ಮೊದಲಾಗಿ ತಾನು ಗೊರಕೆಯನ್ನೇ ಹೊಡೆಯುವುದಿಲ್ಲ ಎಂಬುದು ಅವರ ಮೂಲ ನಿಲುವು. ಪಕ್ಕದ ಮನೆಯಲ್ಲಿದ್ದ ನಿವೃತ್ತ ಬಸ್ ಕಂಡಕ್ಟರು ರಾತ್ರಿ ಹೊತ್ತು ಗೋಡೆಗೆ ಕೋಲಿನಿಂದ ಕುಟ್ಟುತ್ತಿದ್ದರು. ಪಾಪ, ನಿವೃತ್ತರಾದ ಮೇಲೆ ಅವರಿಗೆ ಮೊಳೆ ಹೊಡೆಯುವ ಹವ್ಯಾಸ ಹತ್ತಿದೆ ಎಂದು ನಕ್ಷೆಗಾರರು ಎಂಟು ವರ್ಷದಿಂದ ನಂಬಿದ್ದರು. ಆದರೂ ಡಾಕ್ಟರ ಕಡೆಯಿಂದ 'ಈತ ಗೊರಕೆ ಹೊಡೆಯುವುದಿಲ್ಲ' ಎಂಬ ಚೀಟಿಯೊಂದು ಸಿಕ್ಕರೆ ಕುರ್ಚಿಯ ದಾರಿ ಸಲೀಸು ಎಂಬ ಯೋಚನೆ ಬಂದು ಒಪ್ಪಿಕೊಂಡರು.

ಗಂಟಲಿನ ಡಾಕ್ಟರು ಚುರುಕಾದ ಹೆಂಗಸು. ಬಾಯಿ ತೆರೆಸಿ ನೋಡಿದರು. ಪ್ರಶ್ನೆಗಳನ್ನು ಗಂಡನಿಗೆ ಕೇಳಿ, ಉತ್ತರಗಳನ್ನು ಹೆಂಡತಿಯಿಂದ ಬರೆದುಕೊಂಡರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಂಡು ಉಸಿರು ನಿಲ್ಲುವ ಕಾಯಿಲೆಯ ಅನುಮಾನವಿದೆ, ಎಲ್ಲಿ ಮುಚ್ಚುತ್ತದೆಂದು ಎಂ.ಆರ್.ಐ. ಯಂತ್ರದಲ್ಲಿ ನೋಡಬೇಕು, ಗುರುವಾರ ಬನ್ನಿ ಎಂದರು.

ಗುರುವಾರಕ್ಕೆ ರಜೆ ಬೇಕು. ರಜೆ ಅರ್ಜಿಯಲ್ಲಿ 'ಕಾರಣ' ಎಂಬ ಒಂದು ಸಾಲಿದೆ. ಅಲ್ಲಿ ಗೊರಕೆ ಎಂದು ಬರೆದರೆ ಕುರ್ಚಿಯನ್ನು ತಾನೇ ಎತ್ತಿ ಸ್ಕೇಲಿನ ಮೇಜಿನ ಬಳಿ ಇಟ್ಟು ಬಂದ ಹಾಗೆ. ನಕ್ಷೆಗಾರರು ಬಹಳ ಹೊತ್ತು, ಈ ಸಲ ಕಣ್ಣು ತೆರೆದೇ, ಯೋಚಿಸಿ 'ತಲೆಯ ಸ್ಕ್ಯಾನ್' ಎಂದು ಬರೆದರು. ಅವರ ಪ್ರಕಾರ ಇದು ಸುಳ್ಳಲ್ಲ. ತಲೆ ಎಲ್ಲಿ ಮುಗಿಯುತ್ತದೆ, ಗಂಟಲು ಎಲ್ಲಿ ಶುರುವಾಗುತ್ತದೆ ಎಂಬುದು ಗಡಿಯ ಪ್ರಶ್ನೆ. ಗಡಿಗಳ ವಿಷಯದಲ್ಲಿ ಯಾವ ನಕ್ಷೆಯೂ ಇನ್ನೊಂದನ್ನು ಒಪ್ಪಿದ್ದಿಲ್ಲ.

ಗುರುವಾರ ಯಂತ್ರ ಚಿತ್ರ ತೆಗೆಯಿತು. ಡಾಕ್ಟರು ತೆರೆಯ ಮೇಲೆ ತೋರಿಸಿದರು. ಮುಖವನ್ನು ಪಕ್ಕದಿಂದ ಸೀಳಿ ನೋಡಿದ ಹಾಗೆ ಮೂಗು, ನಾಲಿಗೆ, ಕತ್ತಿನ ಮೂಳೆಗಳ ಸಾಲು. ನಾಲಿಗೆಯ ಹಿಂದೆ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟಿಯೊಂದು. ಆ ಕಪ್ಪು ಪಟ್ಟಿಯೇ ಗಾಳಿಯ ದಾರಿ. ನಕ್ಷೆಗಾರರು ಮೂಗಿನ ಮೇಲೆ ಕನ್ನಡಕ ಸರಿಪಡಿಸಿಕೊಂಡು ನೋಡಿ, ಕೊಳವೆ ಸ್ವಚ್ಛವಾಗಿದೆ, ಎಲ್ಲೂ ತಡೆ ಇಲ್ಲ, ಚೀಟಿ ಬರೆದುಕೊಡಿ ಎಂದರು.

"ನೀರು ಬಿಡದೇ ಇರೋ ಹೊತ್ತಲ್ಲಿ ಕೊಳವೆ ಸೋರುತ್ತಾ ಅಂತ ನೀವು ನೋಡ್ತೀರಾ?" ಎಂದು ಡಾಕ್ಟರು ಕೇಳಿದರು.

ಎಚ್ಚರದಲ್ಲಿ ಎಲ್ಲರ ಗಂಟಲೂ ತೆರೆದೇ ಇರುತ್ತದೆ, ನಿದ್ದೆಯಲ್ಲಿ ಸ್ನಾಯುಗಳು ಸಡಿಲವಾದಾಗ ಏನಾಗುತ್ತದೆಂಬುದೇ ಪ್ರಶ್ನೆ, ಆದ್ದರಿಂದ ಮುಂದಿನ ಗುರುವಾರ ಮಧ್ಯಾಹ್ನ ಬಂದು ಯಂತ್ರದೊಳಗೆ ನಿದ್ದೆ ಮಾಡಬೇಕು, ಚಲಿಸುವ ಚಿತ್ರ ತೆಗೆಯುತ್ತೇವೆ ಎಂದು ಡಾಕ್ಟರು ವಿವರಿಸಿದರು. ಹಗಲು ಹೊತ್ತು ನನಗೆ ನಿದ್ದೆ ಬರುವುದಿಲ್ಲವಲ್ಲ ಎಂದರು ನಕ್ಷೆಗಾರರು. ಹೆಂಡತಿ ಚಾವಣಿಯ ಫ್ಯಾನನ್ನು ನೋಡುತ್ತ ಕೂತರು.

ಎರಡನೆಯ ರಜೆ ಅರ್ಜಿಯಲ್ಲಿ 'ತಲೆಯ ಸ್ಕ್ಯಾನ್ (ಮತ್ತೊಮ್ಮೆ)' ಎಂದು ಬರೆಯಬೇಕಾಯಿತು. ಕೆಟ್ಟದ್ದೆಲ್ಲ ಆದದ್ದು ಆ ಆವರಣದೊಳಗಿನ ಪದದಿಂದ. ಒಂದು ಸಲ ಸ್ಕ್ಯಾನ್ ಮಾಡಿಸಿದವನಿಗೆ ತಲೆನೋವಿರಬಹುದು. ಎರಡನೆಯ ಸಲ ಕರೆಸಿಕೊಂಡರೆ ಅದರ ಅರ್ಥ ಏನೆಂದು ಕಚೇರಿಯಲ್ಲಿ ಜವಾನನಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಜನ ಅವರ ಮೇಜಿನ ಹತ್ತಿರ ತುದಿಗಾಲಲ್ಲಿ ಓಡಾಡತೊಡಗಿದರು. ಸ್ಕೇಲು ಅವರ ಹನ್ನೆರಡು ಪೆನ್ಸಿಲುಗಳನ್ನೂ ಹೆರೆದು, ಎತ್ತರದ ಕ್ರಮದಲ್ಲಿ ಜೋಡಿಸಿಟ್ಟು ಹೋದ. ಊಟದ ನಂತರ ನಕ್ಷೆಗಾರರ ಗಲ್ಲ ಎದೆಗೆ ಆನಿದಾಗ ಯಾರೋ ಬಂದು ಕಿಟಕಿಯ ಪರದೆ ಎಳೆದರು. ಎಚ್ಚರವಾದಾಗ ಎದುರಿಗೆ ಸಾಕ್ಷಾತ್ ಇಂಜಿನಿಯರು.

"ಕೇಳಿಸ್ತಿದೆ ಸರ್, ಕೇಳಿಸ್ತಿದೆ."

"ಗೊತ್ತು, ಗೊತ್ತು. ನೀವು ಆಯಾಸ ಮಾಡ್ಕೋಬೇಡಿ," ಎಂದರು ಇಂಜಿನಿಯರು. ಅವರ ದನಿಯಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳದಿದ್ದ ಒಂದು ನಯ ಇತ್ತು. ತಾನು ಮೆಮೊ ಕೊಟ್ಟದ್ದು ಸಾಯುವ ಮನುಷ್ಯನಿಗೆ ಎಂಬ ಸಂಕಟ ಅವರನ್ನು ಬೆಳಗಿನಿಂದ ಕೊರೆಯುತ್ತಿತ್ತು. ಕಚೇರಿಯ ಈ ಹೊಸ ಒಳ್ಳೆಯತನ ತನ್ನ ಹಿರಿತನಕ್ಕೆ ತಡವಾಗಿ ಸಂದ ಗೌರವ ಎಂದು ನಕ್ಷೆಗಾರರು ತಿಳಿದರು. ಮನೆಗೆ ಹೋಗಿ ಹೆಂಡತಿಗೆ ಹಾಗೇ ಹೇಳಿದರು ಕೂಡ.

ಸುದ್ದಿ ಅವರಿಗಿಂತ ಮೊದಲು ಬೀದಿಗೆ ಬಂದಿತ್ತು. ಸಂಜೆ ಕಂಡಕ್ಟರು ಬಂದು, ಕುರ್ಚಿಯ ತುದಿಯಲ್ಲಿ ಕೂತು, ಎಂಟು ವರ್ಷದಿಂದ ತಾನು ಗೋಡೆ ಕುಟ್ಟಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬಾರದು ಎಂದು ಕೇಳಿಕೊಂಡರು. ಇನ್ನು ಮುಂದೆ ಕುಟ್ಟುವುದಿಲ್ಲ ಎಂದೂ ಮಾತು ಕೊಟ್ಟರು.

"ಅಯ್ಯೋ, ನೀವು ನಿಮ್ಮ ಮೊಳೆ ಹೊಡ್ಕೊಳ್ಳಿ ಸ್ವಾಮಿ. ನಂಗೇನೂ ತೊಂದರೆ ಇಲ್ಲ."

ಇದನ್ನು ಕೇಳಿ ಕಂಡಕ್ಟರ ಕಣ್ಣು ತುಂಬಿತು. ಬುದ್ಧಿಯೂ ಹೋಗುತ್ತಿದೆ ಎಂದು ಅವರು ಮೆಟ್ಟಿಲಿಳಿಯುತ್ತ ಎದುರು ಮನೆಯವರಿಗೆ ಹೇಳಿದರು.

ಮರುದಿನ ಭಾವಮೈದ ಬಂದ. ಇವನದು ಫೋಟೋ ಸ್ಟುಡಿಯೋ. ಅಕ್ಕನನ್ನು ನೋಡಲು ವರ್ಷಕ್ಕೊಮ್ಮೆ ಬರುವವನು ಈಗ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಎರಡು ದೀಪ ಹೊತ್ತು ಬಂದಿದ್ದ. "ಭಾವ, ನಿಮ್ದೊಂದು ಒಳ್ಳೆ ಫೋಟೋನೇ ಇಲ್ಲ ನೋಡಿ," ಎಂದ. ಯಾಕೀಗ ಎಂದದ್ದಕ್ಕೆ, ಸುಮ್ಮನೆ, ಇರಲಿ ಅಂತ, ಎಂದು ಗೋಡೆಯ ಕಡೆ ತಿರುಗಿ ಟೇಪು ಹಿಡಿದು ಅಳತೆ ತೆಗೆದುಕೊಂಡ. ಎರಡಡಿಗೆ ಒಂದೂವರೆ ಅಡಿಯ ಚೌಕಟ್ಟು, ಕಪ್ಪು ಅಂಚು. ಇದು ಮುಖ್ಯ ನಕ್ಷೆಗಾರನ ಕೋಣೆಗೆಂದು ನಕ್ಷೆಗಾರರು ಊಹಿಸಿ, ಗಂಭೀರ ಮುಖ ಮಾಡಿ ಕೂತರು.

ಅವರ ಹೆಂಡತಿಗೆ ವಿಷಯ ಅರ್ಥವಾಗಿತ್ತು. ತಮ್ಮನನ್ನು ಅಡುಗೆಮನೆಗೆ ಕರೆದು ನಿಜ ಹೇಳಿದರು. ಅವನು ನಂಬಲಿಲ್ಲ. ಅಕ್ಕ ಎಷ್ಟು ಧೈರ್ಯವಂತೆ, ಇಂಥ ಹೊತ್ತಲ್ಲೂ ಗೊರಕೆ ಅಂತ ಹೇಳಿ ನಗಿಸ್ತಾಳೆ ಎಂದು ಎಲ್ಲರ ಮುಂದೆ ಹೊಗಳಿದ.

ಆ ಗುರುವಾರ ಮಧ್ಯಾಹ್ನ ಎರಡು ಗಂಟೆಗೆ, ಆಸ್ಪತ್ರೆಯ ನಿಲುವಂಗಿ ತೊಟ್ಟ ನಕ್ಷೆಗಾರರು ಯಂತ್ರದ ಕೊಳವೆಯೊಳಗೆ ಜಾರಿದರು. ಕಿವಿಗೆ ಹೆಡ್‌ಫೋನು. ಸುತ್ತ ಯಂತ್ರದ ಡಗಡಗ ಸದ್ದು. ಗಾಜಿನ ಆಚೆಯ ಕೋಣೆಯಲ್ಲಿ ತೆರೆಯ ಮುಂದೆ ಡಾಕ್ಟರು, ಯಂತ್ರ ನಡೆಸುವ ತಂತ್ರಜ್ಞೆ, ಹೆಂಡತಿ.

ಸಭೆಗಳಲ್ಲಿ, ಕ್ಷೌರದ ಕುರ್ಚಿಯಲ್ಲಿ, ಒಮ್ಮೆ ಬ್ಯಾಂಕಿನ ಸಾಲಿನಲ್ಲಿ ನಿಂತುಕೊಂಡೇ ಯೋಚನೆ ಮಾಡಿದ್ದ ಈ ಮನುಷ್ಯನಿಗೆ, ಜೀವಮಾನದಲ್ಲಿ ಮೊದಲ ಬಾರಿಗೆ ಅಧಿಕೃತವಾಗಿ ನಿದ್ದೆ ಮಾಡಿ ಎಂದಾಗ ನಿದ್ದೆ ಬರಲಿಲ್ಲ. ಅರ್ಧ ಗಂಟೆ ಕಳೆಯಿತು. ಹೊರಗೆ ಜನ ಕಾಯುತ್ತಿದ್ದಾರೆಂಬ ಸಂಕೋಚಕ್ಕೆ ನಕ್ಷೆಗಾರರು ನಿದ್ದೆಯ ನಟನೆ ಶುರು ಮಾಡಿದರು. ಒಂದೆರಡು ಸಣ್ಣ ಗೊರಕೆಯನ್ನೂ, ತಮಗೆ ಪರಿಚಯವೇ ಇಲ್ಲದ ಕಲೆಯಾದ್ದರಿಂದ ಅಂದಾಜಿನ ಮೇಲೆ, ಹೊಡೆದರು.

ತಂತ್ರಜ್ಞೆಯ ದನಿ ಕಿವಿಯಲ್ಲಿ ಬಂತು: "ಸರ್, ನೀವು ಎಚ್ಚರವಾಗಿದ್ದೀರಿ. ನಾಲಿಗೆ ಅಲುಗಾಡೋದು ಇಲ್ಲಿ ಕಾಣಿಸ್ತಿದೆ."

ಯಾರಾದರೂ ಪರಿಚಯದವರು ಮಾತಾಡಿದರೆ ಮನಸ್ಸು ಸಡಿಲವಾಗಬಹುದೆಂದು ಮೈಕನ್ನು ಹೆಂಡತಿಗೆ ಕೊಟ್ಟರು. ಆರಾಮಾಗಿ ಮಲಗಿ ರೀ ಎಂದು ಅವರು ಹೇಳಿದ್ದೇ ತಡ, ಬಚ್ಚಲ ನಲ್ಲಿ ನಿಲ್ಲಿಸಿ ಬಂದೆಯಾ, ಹಿತ್ತಲ ಬಾಗಿಲು ಹಾಕಿದೆಯಾ ಎಂದು ಒಳಗಿನಿಂದ ಪ್ರಶ್ನೆಗಳು ಬರತೊಡಗಿದವು. ಮೈಕು ಕಿತ್ತುಕೊಳ್ಳಬೇಕಾಯಿತು.

"ಏರಿಳಿತ ಇಲ್ಲದ ದನಿ ಬೇಕು," ಎಂದು ತಂತ್ರಜ್ಞೆ ಬಾಗಿಲು ತೆರೆದು ಹೊರಗೆ ನೋಡಿದಳು. "ಇವರ ಕಡೆಯವರು ಯಾರಾದ್ರೂ ಇದ್ದೀರಾ?"

ಹೊರಗಿನ ಬೆಂಚಿನಲ್ಲಿ ಇಂಜಿನಿಯರೂ ಸ್ಕೇಲೂ ಕೂತಿದ್ದರು. ಇಂಜಿನಿಯರ ತೊಡೆಯ ಮೇಲೆ ಕಡತ, ಕಡತದೊಳಗೆ ನಕ್ಷೆಗಾರರನ್ನು ಮುಖ್ಯ ನಕ್ಷೆಗಾರರನ್ನಾಗಿ ನೇಮಿಸುವ ಆದೇಶ. ರುಜು ಮಾತ್ರ ಬಾಕಿ. ಅದನ್ನು ರೋಗಿಯ ಕಣ್ಣೆದುರೇ ಹಾಕಿ, ಆ ಮನುಷ್ಯ ಕೊನೆಗೊಮ್ಮೆ ಸಂತೋಷಪಡಲಿ ಎಂದು ಅವರು ಬಂದಿದ್ದರು. ಏರಿಳಿತವಿಲ್ಲದ ದನಿ ಎಂದಾಗ ಸ್ಕೇಲು ಪಕ್ಕಕ್ಕೆ ತಿರುಗಿದ. ಇಂಜಿನಿಯರ ಕಡೆ ನೋಡಿದ, ಅಷ್ಟೆ.

ಇಬ್ಬರೂ ಒಳಗೆ ಬಂದರು. ಮೈಕು ಕೈಗೆ ಬಂದಾಗ ಇಂಜಿನಿಯರು ಗಂಟಲು ಸರಿಮಾಡಿಕೊಂಡರು. ಕಣ್ಣೆದುರಲ್ಲದಿದ್ದರೆ ಕಿವಿಯಲ್ಲಾದರೂ ಆಗಲಿ ಎಂದು ಆದೇಶವನ್ನೇ ಓದಲು ಆರಂಭಿಸಿದರು. ವಿಷಯ: ಮುಖ್ಯ ನಕ್ಷೆಗಾರರ ಹುದ್ದೆಯನ್ನು ತುಂಬುವ ಬಗ್ಗೆ. ಉಲ್ಲೇಖ ಒಂದು: ಈ ಕಚೇರಿಯ ಪತ್ರ ಸಂಖ್ಯೆ ಇಂತಿಷ್ಟು. ಉಲ್ಲೇಖ ಎರಡು: ಸದರಿ ಪತ್ರದ ತಿದ್ದುಪಡಿ. ಉಲ್ಲೇಖ ಮೂರು: ಸದರಿ ತಿದ್ದುಪಡಿಯ ತಿದ್ದುಪಡಿ.

ಉಲ್ಲೇಖ ನಾಲ್ಕಕ್ಕೆ ತಂತ್ರಜ್ಞೆ ಹೆಬ್ಬೆರಳೆತ್ತಿದಳು. ನಕ್ಷೆಗಾರರು ತಾವು ಬಾಳೆಲ್ಲ ಕಾದಿದ್ದ ಆದೇಶದಲ್ಲಿ ತಮ್ಮ ಹೆಸರು ಬರುವುದಕ್ಕೆ ಮೂರು ಪ್ಯಾರಾ ಮೊದಲೇ ನಿದ್ದೆ ಹೋಗಿದ್ದರು.

ಇಂಜಿನಿಯರು ಓದುತ್ತಲೇ ಇದ್ದರು, ಅಭ್ಯಾಸಬಲ. ಮುಗಿಸಿ ತಲೆಯೆತ್ತಿದಾಗ ಎಲ್ಲರ ಕಣ್ಣೂ ತೆರೆಯ ಮೇಲಿತ್ತು. ನಾಲಿಗೆ ದಣಿದವನ ಹಾಗೆ ಹಿಂದಕ್ಕೆ ಒರಗುತ್ತಿತ್ತು. ಅಂಗುಳಿನ ಮೆತ್ತನೆಯ ತುದಿ ಇಳಿಬಿದ್ದಿತ್ತು. ಕಪ್ಪು ಪಟ್ಟಿ ತೆಳುವಾಗಿ, ಗೆರೆಯಾಗಿ, ನೋಡನೋಡುತ್ತಲೇ ಇಲ್ಲವಾಯಿತು. ಒಳಗಿನ ಗೊರಕೆ ಕೊಯ್ದ ಹಾಗೆ ನಿಂತಿತು.

"ಒಂದು, ಎರಡು, ಮೂರು," ಎಂದು ಹೆಂಡತಿ ತಮ್ಮಷ್ಟಕ್ಕೆ ಎಣಿಸತೊಡಗಿದರು. ಯಾರೂ ಹೇಳಿರಲಿಲ್ಲ. ಉಸಿರಳೆಯಲು ಎದೆಗೆ ಕಟ್ಟಿದ್ದ ಪಟ್ಟಿ ಏಳಲು ಹೆಣಗುತ್ತಿತ್ತು, ಗಾಳಿ ಹೋಗುತ್ತಿರಲಿಲ್ಲ. ಇಪ್ಪತ್ತು. ಇಪ್ಪತ್ತೈದು. ಸ್ಕೇಲು ತನಗೆ ಗೊತ್ತಿಲ್ಲದೆ ತನ್ನ ಉಸಿರನ್ನೂ ಹಿಡಿದಿದ್ದ. ಮೂವತ್ತೆಂಟಕ್ಕೆ ಚಿತ್ರ ಕದಲಿತು, ಕಪ್ಪು ಪಟ್ಟಿ ಫಕ್ಕನೆ ತೆರೆದುಕೊಂಡಿತು, ಯಂತ್ರದ ಸದ್ದನ್ನೂ ಮೀರಿ ಒಂದು ಗೊರಕೆ ಹೊರಬಂತು. ತಂತ್ರಜ್ಞೆ ಗಡಿಯಾರ ನೋಡಿದಳು. ಮೂವತ್ತೆಂಟೇ.

"ತಲೆ ಯಾವಾಗ ತೋರಿಸ್ತೀರಿ?" ಎಂದು ಇಂಜಿನಿಯರು ಮೆಲ್ಲಗೆ ಕೇಳಿದರು.

ತಲೆಗೆ ಏನೂ ಆಗಿಲ್ಲ, ಇದು ಗೊರಕೆಯ ಕಾಯಿಲೆ, ಮುಚ್ಚುವ ಜಾಗ ಈಗ ಸ್ಪಷ್ಟವಾಗಿ ಸಿಕ್ಕಿತು, ಚಿಕಿತ್ಸೆ ಇದೆ, ಮನುಷ್ಯ ಆರಾಮಾಗಿ ಇರುತ್ತಾರೆ ಎಂದರು ಡಾಕ್ಟರು.

ಇದನ್ನು ಕೇಳಿ ಸಂತೋಷಪಡಬೇಕೆಂದು ಇಂಜಿನಿಯರಿಗೆ ಗೊತ್ತಿತ್ತು. ಆದರೆ ಅವರ ಮುಖ ಕಚೇರಿಯ ಬಣ್ಣಕ್ಕೆ ತಿರುಗಿತು. ಆದೇಶ ಮೆಲ್ಲಗೆ ಕಡತದೊಳಕ್ಕೆ ವಾಪಸಾಯಿತು. ಮೈಕನ್ನು ಬಾಯಿಗೆ ಹತ್ತಿರ ಹಿಡಿದು ಗಟ್ಟಿಯಾಗಿ, "ಏನ್ರೀ, ನಿದ್ದೆ ಮಾಡ್ತಿದ್ದೀರಾ?" ಎಂದರು.

ಕೊಳವೆಯೊಳಗಿನಿಂದ, ಕಣ್ಣು ತೆರೆಯುವ ಮೊದಲೇ, ಉತ್ತರ ಬಂತು: "ಕೇಳಿಸ್ತಿದೆ ಸರ್, ಕೇಳಿಸ್ತಿದೆ. ಯೋಚನೆ ಮಾಡ್ತಿದ್ದೆ."

ಗಾಜಿನ ಈಚೆ ಟೀಚರು, ತರಗತಿಯಲ್ಲಿ ಹಿಂದಿನ ಬೆಂಚಿಗೆ ಹೇಳುವ ದನಿಯಲ್ಲಿ, ಅವರ ಲಿಖಿತ ವಿವರಣೆ ಆ ಕಡತದಲ್ಲೇ ಇರಬೇಕಲ್ಲ ಸರ್ ಎಂದರು. ಕಣ್ಣು ಮುಚ್ಚಿದ್ದರೂ ಪ್ರತಿಯೊಂದು ಪದವೂ ಕೇಳಿಸುತ್ತದೆ ಅಂತ ಅವರು ಬರೆದುಕೊಟ್ಟಿದ್ದಾರೆ, ತಾವು ಒಪ್ಪಿದ್ದೀರಿ. ಹಾಗಾದರೆ ಆದೇಶ ಅವರಿಗೆ ತಲುಪಿದ ಹಾಗಾಯಿತಲ್ಲ.

"ಉಲ್ಲೇಖ ಆರು ಅದೇ ಸರ್," ಎಂದ ಸ್ಕೇಲು. ನಕ್ಷೆಗಾರರು ಮುಖ್ಯರಾಗಿ ಬೇರೆ ಕೋಣೆಗೆ ಹೋದರೆ ಕಿಟಕಿ ಪಕ್ಕದ ಮೇಜು ತನಗೆ ಸಿಗುತ್ತದೆ, ಪೆನ್ಸಿಲುಗಳೂ ಉರುಳುವುದಿಲ್ಲ ಎಂಬ ಲೆಕ್ಕ ಅವನ ತಲೆಯಲ್ಲಿ ಆಗಲೇ ಮುಗಿದಿತ್ತು.

ಇಂಜಿನಿಯರು ಕಡತ ತಿರುವಿದರು. ತಮ್ಮದೇ ರುಜು ತಮ್ಮನ್ನೇ ನೋಡುತ್ತಿತ್ತು. ತಾನು ರುಜು ಹಾಕಿದ್ದನ್ನು ತಾನೇ ಸುಳ್ಳೆನ್ನುವ ಅಧಿಕಾರಿ ಅವರಾಗಿರಲಿಲ್ಲ. ಅಲ್ಲದೆ ತೆರೆಯ ಮೇಲೆ ಆ ಕಪ್ಪು ಪಟ್ಟಿ ಮತ್ತೆ ಮತ್ತೆ ಮುಚ್ಚಿಕೊಳ್ಳುವುದನ್ನು ತಂತ್ರಜ್ಞೆ ತಿರುಗಿ ತೋರಿಸುತ್ತಿದ್ದಳು. ಮೂವತ್ತು ವರ್ಷ ವಾಲ್ವುಗಳೊಂದಿಗೆ ಬಾಳಿದ ಮನುಷ್ಯ ಅದನ್ನು ಸುಮ್ಮನೆ ನೋಡುವುದು ಸಾಧ್ಯವಿರಲಿಲ್ಲ.

"ವಾಲ್ವ್ ಕೆಟ್ಟಿದ್ರೆ ಕೊಳವೆಗೆ ಮೆಮೊ ಕೊಟ್ಟು ಏನು ಪ್ರಯೋಜನ," ಎಂದು ಗೊಣಗಿ, ಆದೇಶಕ್ಕೆ ರುಜು ಹಾಕಿ, ಕೆಳಗೆ 'ಓದಿ ಹೇಳಲಾಯಿತು. ಕೇಳಿಸಿಕೊಂಡಿದ್ದಾರೆ' ಎಂದು ಬರೆದರು. ರಿಪೇರಿ ಮಾತ್ರ ಬೇಗ ಆಗಲಿ ಎಂದು ಡಾಕ್ಟರಿಗೆ ಹೇಳಿ ಹೊರಟರು.

ನಿಲುವಂಗಿಯಲ್ಲಿ ಹೊರಬಂದ ನಕ್ಷೆಗಾರರಿಗೆ ಚಿತ್ರ ತೋರಿಸಿದಾಗ ಅವರು ಮೊದಲು ಮಾಡಿದ ಕೆಲಸ ಕೆಂಪು ಪೆನ್ಸಿಲು ಕೇಳಿದ್ದು. ಉತ್ತರ ದಿಕ್ಕಿನ ಗುರುತು ಇಲ್ಲ, ಕೊಳವೆಯ ವ್ಯಾಸ ಬರೆದಿಲ್ಲ, ಬರೆದವರ ಹೆಸರಿಲ್ಲ ಎಂದು ಮೂರು ತಪ್ಪು ಹೇಳಿದರು. ನಾಲ್ಕನೆಯದಕ್ಕೆ ಹುಡುಕುತ್ತ ಹುಡುಕುತ್ತ ಕಪ್ಪು ಪಟ್ಟಿ ಮುಚ್ಚಿಕೊಳ್ಳುವುದನ್ನು ಎರಡು ಸಲ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ಎಷ್ಟು ವರ್ಷದಿಂದ ಎಣಿಸ್ತಿದ್ದೀಯ?"

"ಒಂಬತ್ತು."

"ಎಷ್ಟರವರೆಗೆ ಹೋಗಿದೆ?"

"ಐವತ್ತು. ಐವತ್ತಕ್ಕೆ ಒದೀತಿದ್ದೆ."

ಬೆಳಿಗ್ಗೆ ಏಳುವಾಗ ಮೊಣಕಾಲು ನೋಯುವುದಕ್ಕೆ ಮಂಚದ ಅಳತೆಯ ದೋಷ ಎಂದು ಒಂಬತ್ತು ವರ್ಷದಲ್ಲಿ ಎರಡು ಮಂಚ ಬದಲಾಯಿಸಿದ್ದ ನಕ್ಷೆಗಾರರು ಕೆಂಪು ಪೆನ್ಸಿಲನ್ನು ತಂತ್ರಜ್ಞೆಗೆ ವಾಪಸು ಕೊಟ್ಟರು.

ಚಿಕಿತ್ಸೆಯೆಂದರೆ ಹಾಸಿಗೆಯ ಪಕ್ಕ ಒಂದು ಪುಟ್ಟ ಪೆಟ್ಟಿಗೆ, ಅದರಿಂದ ಮೂಗಿನವರೆಗೆ ಒಂದು ಕೊಳವೆ. ಪೆಟ್ಟಿಗೆ ಒತ್ತಿ ಕಳಿಸುವ ಗಾಳಿ ಗಂಟಲನ್ನು ಮುಚ್ಚಲು ಬಿಡುವುದಿಲ್ಲ. ಕೊಳವೆ ಎಂದ ಕೂಡಲೇ ನಕ್ಷೆಗಾರರು ಅದನ್ನು ತಮ್ಮ ಇಲಾಖೆಯ ವಿಷಯವೆಂದು ಒಪ್ಪಿಕೊಂಡು, ಅದು ಹಾದುಹೋಗುವ ದಾರಿಯ ನಕ್ಷೆಯನ್ನೂ ಬರೆದರು. ಭಾವಮೈದ ಕಪ್ಪು ಅಂಚಿನ ಚೌಕಟ್ಟನ್ನು ಮಾಡಿಸಿಯಾಗಿತ್ತು. ಭಾವ ಬದುಕಿ ಉಳಿದದ್ದಕ್ಕೆ ಅವನಿಗೆ ಸಂತೋಷವೇ. ಆದರೆ ಅಳತೆ ಕೊಟ್ಟು ಮಾಡಿಸಿದ್ದು ವ್ಯರ್ಥವಾಗುವುದು ಅವನಿಗೂ ಆಗದು, ಭಾವನಿಗೂ ಆಗದು. ಅದರೊಳಗೆ ಗಂಟಲಿನ ಚಿತ್ರ ಕೂತಿತು, ಮೂಲೆಯಲ್ಲಿ ನಕ್ಷೆಗಾರರು ಕೈಯಾರೆ ಬರೆದ ಉತ್ತರ ದಿಕ್ಕಿನ ಬಾಣದೊಂದಿಗೆ.

ಪೆಟ್ಟಿಗೆ ಬಂದ ಮೂರನೆಯ ರಾತ್ರಿ ಗೋಡೆಗೆ ಮತ್ತೆ ಕೋಲು ಬಿತ್ತಂತೆ. ಎಂಟು ವರ್ಷದ ಸದ್ದು ಇದ್ದಕ್ಕಿದ್ದಂತೆ ಇಲ್ಲವಾದದ್ದರಿಂದ ಕಂಡಕ್ಟರಿಗೆ ನಿದ್ದೆ ಹತ್ತಿರಲಿಲ್ಲ. ಇದ್ದಾರೋ ಇಲ್ಲವೋ ನೋಡೋಣ ಅಂತ ಕುಟ್ಟಿದೆ ಎಂದು ಅವರೇ ಬೆಳಿಗ್ಗೆ ಬಂದು ಹೇಳಿದರು. ನಕ್ಷೆಗಾರರಿಗೆ ಅದು ಕೇಳಿಸಿರಲಿಲ್ಲ. ಹೆಂಡತಿಗೂ ಕೇಳಿಸಿರಲಿಲ್ಲ.

ಹೆಂಡತಿಯ ವಿಷಯವೇ ದೊಡ್ಡದಾಯಿತು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ತಡವಾಗದ ಗಣಿತದ ಟೀಚರು ಆ ಬೆಳಿಗ್ಗೆ ಗಂಟೆ ಬಾರಿಸಿ ಒಂದೂವರೆ ತಾಸಾದ ಮೇಲೆ ಶಾಲೆ ಸೇರಿದರು. ಸಂಜೆ ಅವರ ಕೈಯಲ್ಲಿ ಹೆಡ್‌ಮಿಸ್ಟ್ರೆಸ್ ಕೊಟ್ಟ ಮೆಮೊ ಇತ್ತು: ತಡವಾದದ್ದಕ್ಕೆ ಲಿಖಿತ ವಿವರಣೆ ಕೊಡತಕ್ಕದ್ದು.

ಮುಖ್ಯ ನಕ್ಷೆಗಾರರು ಕುರ್ಚಿ ಎಳೆದುಕೊಂಡು ಕೂತರು. ಈ ಬಗೆಯ ಬರವಣಿಗೆಯಲ್ಲಿ ತಮಗಿರುವ ಅನುಭವವನ್ನು ನೆನಪಿಸಿ, ನಾನು ಹೇಳುತ್ತೇನೆ, ನೀನು ಬರೆದುಕೋ ಎಂದರು. 'ಈ ಮೂಲಕ ದೃಢೀಕರಿಸುತ್ತೇನೆ' ಎಂಬಲ್ಲಿಂದ ಶುರು ಮಾಡುವುದು ಕ್ಷೇಮ ಎಂದೂ ಸೂಚಿಸಿದರು. ಅಷ್ಟರಲ್ಲಿ ಹೆಂಡತಿ ಬರೆದು ಮುಗಿಸಿ ಹಾಳೆಯನ್ನು ಅವರ ಕಡೆ ತಳ್ಳಿದ್ದರು. ಅದರಲ್ಲಿ ಒಂದೇ ಸಾಲಿತ್ತು.

'ನಿದ್ದೆ ಮಾಡುತ್ತಿದ್ದೆ.'

ಅವರು ಕೆಂಪು ಪೆನ್ಸಿಲು ಹಿಡಿದು ಆ ಸಾಲನ್ನು ಓದಿದರು. ಎಡದಿಂದ ಬಲಕ್ಕೆ ನೋಡಿದರು, ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು. ಆಮೇಲೆ ಕೆಂಪು ಪೆನ್ಸಿಲು ಕೆಳಗಿಟ್ಟು, ಜೇಬಿನಿಂದ ಪೆನ್ನು ತೆಗೆದು, ಬಲ ಮೂಲೆಯಲ್ಲಿ 'ಪರಿಶೀಲಿಸಲಾಗಿದೆ' ಎಂದು ರುಜು ಹಾಕಿದರು.